ವಾಯಿದೆ ವಕೀಲ

ವಕೀಲರೆಂದರೆ ಬಾಯಿ ಮುಚ್ಚದೆ ಮಾತಾಡುವವರು ಎಂದು ಜನ ತಿಳಿದಿದ್ದಾರೆ. ಎಲ್ಲರ ವಿಷಯದಲ್ಲೂ ಅದು ನಿಜವಲ್ಲ. ಎಪ್ಪತ್ತರ ದಶಕದಲ್ಲಿ ತುಮಕೂರಿನಲ್ಲಿ ಕರಿಕೋಟು ತೊಟ್ಟ ನಾನು ಮೊದಲ ನಾಲ್ಕು ವರ್ಷ ಕೋರ್ಟಿನಲ್ಲಿ ಆಡಿದ್ದು ಒಂದೇ ವಾಕ್ಯ: "ನಮ್ಮ ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ, ದಯವಿಟ್ಟು ವಾಯಿದೆ ಕೊಡಬೇಕು." ಅದೂ ಇಂಗ್ಲಿಷಿನಲ್ಲಿ. ಕೇಸು ಮುಂದಕ್ಕೆ ಹಾಕಿಸುವುದರಲ್ಲಿ ನಾನು ಎಷ್ಟು ಪಳಗಿದ್ದೆನೆಂದರೆ, ಎದ್ದು ನಿಂತರೆ ಸಾಕು, ಜಡ್ಜ್ ಸಾಹೇಬರು ಪೆನ್ನು ತೆಗೆದು ಮುಂದಿನ ತಾರೀಖು ಬರೆದುಬಿಡುತ್ತಿದ್ದರು. ನನ್ನ ಜೊತೆ ಓದಿದವನೊಬ್ಬ ಸ್ವಂತ ಆಫೀಸು ತೆರೆದಿದ್ದ, ಇನ್ನೊಬ್ಬ ಮುನ್ಸೀಫ್ ಪರೀಕ್ಷೆಗೆ ಕಟ್ಟಿದ್ದ. ನಾನು ಸೀನಿಯರ್ ಹಿಂದೆ ಫೈಲು ಹೊತ್ತು ಓಡಾಡುತ್ತಿದ್ದೆ. ನಿಜ ಹೇಳಬೇಕೆಂದರೆ, ವಾದ ಮಾಡಲು ನನಗೆ ಭಯ.

ಇದು ಗುಬ್ಬಿಯಲ್ಲಿದ್ದ ಅಮ್ಮನಿಗೆ ಗೊತ್ತಿರಲಿಲ್ಲ. ಊರಿಗೆ ಹೋದಾಗಲೆಲ್ಲ ಅಡುಗೆಮನೆ ಬಾಗಿಲಲ್ಲಿ ನಿಂತು, ಸೀನಿಯರ್ ಮಾಡಿದ ವಾದಗಳನ್ನು ನಾನೇ ಮಾಡಿದಂತೆ ಹೇಳುತ್ತಿದ್ದೆ. ಕೇಳುತ್ತ ಕೇಳುತ್ತ ಅಮ್ಮ ರೊಟ್ಟಿ ಸೀಯಿಸುತ್ತಿದ್ದಳು. ಒಂದು ಸೋಮವಾರ "ನೀನ್ ಮಾತಾಡೋದ್ನ ನಾನೂ ಒಂದ್ಸಲ ನೋಡ್ಬೇಕು ಕಣೋ" ಎಂದು ಚಿತ್ರಾನ್ನದ ಡಬ್ಬಿ ಹಿಡಿದು ಹೊರಟೇಬಿಟ್ಟಳು. ಬಸ್ಸು ಸಿಗುವುದಿಲ್ಲ, ಸೆಖೆ ಜಾಸ್ತಿ, ಏನು ಹೇಳಿದರೂ ಕೇಳಲಿಲ್ಲ.

ಕೋರ್ಟಿನ ಕೊನೆಯ ಬೆಂಚಿನಲ್ಲಿ ಅವಳ ಪಕ್ಕ ಕೂತಿದ್ದವರು ನಮ್ಮ ಕಕ್ಷಿದಾರ ಕಾಸಿಂ ಸಾಬರು. ಕುಣಿಗಲ್‌ನಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವವರು. ಅವರ ಅಂಗಡಿಗೆ ಹೋಗುವ ಓಣಿಗೆ ಪಕ್ಕದವರು ಗೋಡೆ ಎಬ್ಬಿಸಿದ್ದರು. ಕುಣಿಗಲ್ ಕೋರ್ಟಿನಲ್ಲಿ ಕೇಸು ಸೋತು ತುಮಕೂರಿಗೆ ಅಪೀಲಿಗೆ ಬಂದಿದ್ದರು. ಅದು ತೀರ್ಮಾನವಾಗುವ ತನಕ ರಸ್ತೆ ಬದಿಯ ಬಿಸಿಲಲ್ಲೇ ತಿದಿ ಒತ್ತುತ್ತ ಕೂರಬೇಕಿತ್ತು. ಅವರ ಕೇಸು ಕೂಗಿದರು. ಎದ್ದೆ, ವಾಕ್ಯ ಹೇಳಿದೆ, ಕೂತೆ.

ಹೊರಗೆ ಬಂದಾಗ ಅಮ್ಮನ ಮುಖ ಅರಳಿತ್ತು. "ಬೇರೆಯೋರು ಅಷ್ಟೊತ್ತು ಕೂಗಾಡಿದ್ರೂ ಜಡ್ಜು ತಲೆ ಆಡಿಸ್ಲಿಲ್ಲ. ನೀನು ಬಾಯಿ ಬಿಟ್ಟಿದ್ದೇ ತಡ, ಆಯ್ತು ಅಂದ್ಬುಟ್ರು."

"ನಿಮ್ ಮಗ ಬಾಳ ಒಳ್ಳೇವ್ರಮ್ಮ," ಎಂದರು ಸಾಬರು. "ಏಳು ಸಲ ಬಂದಿದೀನಿ, ಒಂದ್ಸಲಾನೂ ಕಾಯಿಸಿಲ್ಲ. ಹನ್ನೊಂದೂವರೆಗೆಲ್ಲ ಕಳಿಸ್ಬುಡ್ತಾರೆ." ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಅಮ್ಮ ಚಿತ್ರಾನ್ನದಲ್ಲಿ ಅರ್ಧ ಅವರಿಗೆ ಕೊಟ್ಟು, "ಓಣಿ ಸಿಕ್ತಾ ಸಾಬ್ರೇ?" ಎಂದಳು.

"ಇಲ್ಲಮ್ಮ, ಇನ್ನೊಂದ್ ತಾರೀಖು ಸಿಕ್ತು."

ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಅಮ್ಮ ನನ್ನ ಇಂಗ್ಲಿಷ್ ವಾಕ್ಯದ ಅರ್ಥ ಕೇಳಿದಳು, ಹೇಳಿದೆ. ಬಸ್ಸು ಹತ್ತುವಾಗ ಮೆಲ್ಲಗೆ, "ನಿಮ್ ಸೀನಿಯರ್‌ಗೆ ಬೇಕಾದ್ದು ಕೇಳ್ದೆ. ಸಾಬ್ರಿಗೆ ಬೇಕಾದ್ದೂ ಒಂದ್ಮಾತು ಕೇಳ್ಬಾರ್ದಿತ್ತಾ ಮಗ?" ಎಂದಳು.

ಸಂಜೆ ಸೀನಿಯರ್ ಮುಂದೆ ನಿಂತು, ಈ ಅಪೀಲನ್ನು ನಾನೇ ವಾದಿಸಲೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದಿಟ್ಟು, "ಯಾವಾಗ ಕೇಳ್ತೀಯೋ ಅಂತ ನಾಲ್ಕು ವರ್ಷದಿಂದ ಕಾಯ್ತಿದೀನಿ ಕಣಯ್ಯ" ಎಂದರು. ಆ ನಾಲ್ಕು ವರ್ಷವೂ ಅವರಿಗೆ ನನ್ನನ್ನು ಕಂಡರೆ ತಾತ್ಸಾರವೆಂದೇ ನಾನು ಕೊರಗಿದ್ದೆ.

ಮುಂದಿನ ತಾರೀಖಿಗೆ ಅಮ್ಮ ಮತ್ತೆ ಬಂದು ಸಾಬರ ಪಕ್ಕ ಕೂತಳು. ನಾನು ಎದ್ದ ಕೂಡಲೇ ಜಡ್ಜ್ ಸಾಹೇಬರು ಅಭ್ಯಾಸಬಲದಿಂದ ಪೆನ್ನು ತೆಗೆದರು. ವಾದ ಮಾಡುತ್ತೇನೆ ಎಂದಾಗ ಅವರು ಪೆನ್ನು ಕೆಳಗಿಟ್ಟು ಬೆಂಚ್ ಕ್ಲರ್ಕರ ಮುಖ ನೋಡಿದರು. ನನ್ನ ಕಾಗದಗಳು ಕೆಳಗೆ ಬಿದ್ದವು. ಓಣಿ ಇಬ್ಬರಿಗೂ ಸೇರಿದ್ದೆಂದು ಹಳೆಯ ಕ್ರಯಪತ್ರದಲ್ಲಿದ್ದ ಒಂದು ಸಾಲನ್ನು ನಾಲ್ಕು ಸಲ ಓದಿದೆ. ಅರ್ಥವಾಯಿತು, ಕೂತುಕೊಳ್ಳಿ ಎಂದು ಅವರು ಮೂರು ಸಲ ಹೇಳಬೇಕಾಯಿತು.

ತೀರ್ಪು ನಮ್ಮ ಕಡೆಗೇ ಆಯಿತು. ಗೆದ್ದದ್ದು ಕ್ರಯಪತ್ರ, ನಾನಲ್ಲ. ಆದರೂ ಸಾಬರು ನನ್ನ ಎರಡೂ ಕೈ ಹಿಡಿದುಕೊಂಡಾಗ ಕಣ್ಣು ತುಂಬಿ ಬಂತು. ಗೋಡೆ ಒಡೆಸಿದ ದಿನವೇ ಗುಬ್ಬಿಗೆ ಓಡಿಹೋಗಿ ಅಮ್ಮನಿಗೆ ಹೇಳಿದೆ. ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬಿಸಿ ರೊಟ್ಟಿಗೆ ಬೆಣ್ಣೆ ಹಾಕಿಕೊಟ್ಟು, ನಾನು ಎರಡು ತುತ್ತು ತಿನ್ನುವ ತನಕ ಕಾದು, ಬೆನ್ನು ಸವರುತ್ತ ಹೇಳಿದಳು: "ಬೇಜಾರ್ ಮಾಡ್ಕೋಬೇಡ ಕಣೋ, ಆದ್ರೆ ನಾನು ಮೊದಲ್ನೇ ಸಲ ಬಂದಾಗ್ಲೇ ನೀನು ಚೆನ್ನಾಗ್ ಮಾತಾಡಿದ್ದೆ."