ಗಾಳಿ ಸೋರುವ ಮೂಗುದಾರ

ನಲವತ್ತು ವರ್ಷ ಪಂಪು ಬಿಚ್ಚಿ ಜೋಡಿಸಿದ ಕೈ ಇದು. ಯಾವ ಶಾಲೆಯೂ ಕಲಿಸಿದ್ದಲ್ಲ, ಪಂಪುಗಳೇ ಕಲಿಸಿದ್ದು! ಅಂಥವನ ಮುಂದೆ ಡಾಕ್ಟರಮ್ಮ ಅಂಗೈಯಗಲದ ಮುಖವಾಡ ಹಿಡಿದು, “ಮರೆವಿನ ಕಾಯಿಲೆಯವರಿಗೆ ಇದನ್ನು ಒಗ್ಗಿಸೋದು ಕಷ್ಟ ಯಜಮಾನರೇ. ಹದಿನೈದು ದಿನ ನೋಡೋಣ, ಆಗದಿದ್ದರೆ ಯಂತ್ರ ವಾಪಸ್” ಅಂದರೆ ಸುಮ್ಮನಿರುತ್ತೇನೆಯೇ?

“ಒಗ್ಗಿಸದಿದ್ದರೆ ಈ ಮೀಸೆ ಬೋಳಿಸ್ತೀನಿ!” ಎಂದು ಗುಡುಗಿದೆ.

ವಿಷಯ ಇಷ್ಟೇ. ನನ್ನ ಹೆಂಡತಿಗೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದೆ. ಹಾಗೆ ನಿಂತಾಗಲೆಲ್ಲ ಅಳಿದುಳಿದ ನೆನಪೂ ಸೊರಗಬಹುದಂತೆ. ಮುಖವಾಡ ಕಟ್ಟಿ ಮಲಗಿದರೆ ಯಂತ್ರ ಗಾಳಿ ಒತ್ತಿ ಗಂಟಲು ತೆರೆದಿಡುತ್ತದೆ. ಎರಡು ತಿಂಗಳಿಂದ ಅವಳಿಗೆ ನಾನು ಗಂಡನಲ್ಲ, ‘ಪಂಪಿನವನು’. ಇನ್ನು ಪಂಪೂ ಮರೆತುಹೋದರೆ ನನಗೆ ಉಳಿಯುವುದೇನು?

ಮೊದಲ ಮಧ್ಯಾಹ್ನವೇ ಕಿತ್ತೆಸೆದಳು. “ನಾನೇನು ಎತ್ತಾ, ಮೂಗುದಾರ ಹಾಕೋಕೆ? ಏ ಪಂಪಿನವನೇ, ನಿನ್ನ ಕೆಲಸ ನೋಡ್ಕೊ!”

ನೋಡಿಕೊಂಡೆ! ದಿನಾ ಕಟ್ಟುವುದು ನಾನು, ಕೀಳುವುದು ಅವಳು. ಕಟ್ಟಿದಷ್ಟು ಹೊತ್ತೂ ‘ಗಾಳಿ ಸೋರುತ್ತಿದೆ’ ಎಂದು ಯಂತ್ರದ ಕೆಂಪು ದೀಪ. ಸೋರಿದರೆ ಬಿಗಿ ಮಾಡು, ಇದು ನನ್ನ ಕಸುಬಿನ ಕಾನೂನು. ಹದಿನಾಲ್ಕನೆಯ ದಿನ ಸೈಕಲ್ ಟ್ಯೂಬು ಕತ್ತರಿಸಿ ವಾಷರು ಕೂರಿಸಿ, ಪಟ್ಟಿಗೆ ಪೈಪಿನ ಕ್ಲಿಪ್ಪು ಹಾಕಿ, ಯಂತ್ರ ಚಾಲೂ ಮಾಡಿ, ಪರೀಕ್ಷೆಗೆಂದು ನನ್ನ ತಲೆಗೇ ಬಿಗಿದುಕೊಂಡೆ.

“ಅಪ್ಪಾ, ಅದು ಮೂತಿ, ಬೋರ್‌ವೆಲ್ ಅಲ್ಲ!” ಎಂದಳು ಮಗಳು.

“ನೀನು ಉಸಿರೆತ್ತಬೇಡ!” ಎಂದು ಸ್ಪ್ಯಾನರಿನಲ್ಲಿ ಇನ್ನೊಂದು ಸುತ್ತು ತಿರುಗಿಸಿದೆ.

ಪಟ್! ಪಟ್ಟಿ ಹರಿಯಿತು. ಕ್ಲಿಪ್ಪು ಗಡಿಯಾರಕ್ಕೆ ಬಡಿಯಿತು. ಕೊಳವೆ ಹಾವಿನಂತೆ ಎದ್ದು ಕುಣಿಯಿತು. ನನ್ನ ಹಲ್ಲಿನ ಸೆಟ್ಟು ಕಿಟಕಿ ದಾಟಿ ಹೊರಟೇಹೋಯಿತು!

ಗದ್ದಲಕ್ಕೆ ನನ್ನಾಕೆ ಎದ್ದು ಬಂದಳು. ಹರಿದ ಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಮೂವತ್ತು ವರ್ಷ ಬೀದಿಗೆಲ್ಲ ಬಟ್ಟೆ ಹೊಲಿದ ಕಣ್ಣು ಕೆಂಪಾಯಿತು.

“ಯಾವ ದರ್ಜಿ ಹೊಲಿದದ್ದು ಇದನ್ನ? ಅಳತೇನೇ ತಗೊಂಡಿಲ್ಲ!”

ಟೇಪು ಸುತ್ತಿ ತನ್ನ ತಲೆಯ ಅಳತೆ ತಾನೇ ತೆಗೆದಳು. ಹಳೇ ಮೆತ್ತನೆ ಬಟ್ಟೆಯ ಒಳಪದರ ಕೊಟ್ಟು, ನಾನು ಬಿಗಿದದ್ದಕ್ಕಿಂತ ಎರಡು ಬೆರಳು ಸಡಿಲ ಬಿಟ್ಟು ಹೊಲಿದಳು. ಕಟ್ಟಿಕೊಂಡು ಕನ್ನಡಿ ನೋಡಿದಳು, ತಲೆಯಾಡಿಸಿದಳು, ಹೋಗಿ ಮಲಗಿದಳು. ಮಗಳು ಗುಂಡಿ ಒತ್ತಿದಳು. ಕೆಂಪು ದೀಪದ ಸುಳಿವೇ ಇಲ್ಲ!

“ಅಮ್ಮಾ, ಇದನ್ನ ಕಟ್ಟಿಕೊಂಡಿರೋದು ಕಷ್ಟ ಆಗಲ್ವಾ?”

ಮುಖವಾಡದೊಳಗಿಂದಲೇ ಬಂತು ಉತ್ತರ: “ಇದೇನು ಮಹಾ! ಇವರನ್ನೇ ಕಟ್ಟಿಕೊಂಡು ಇಷ್ಟು ವರ್ಷ ತಡಕೊಂಡಿಲ್ವಾ?”

ಪಂಪಿನವನಲ್ಲ, ‘ಇವರು’! ಹಲ್ಲಿಲ್ಲದ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಸ್ಪ್ಯಾನರು ಮಾತ್ರ ಹೇಳದೆ ಕೇಳದೆ ಚೀಲ ಸೇರಿತು.