ಮಂಚದ ಕೆಳಗಿನ ಮಹಾರಾಜ

ಕಥೆ ಬರೆಯುವ ಚಟವಿರುವ ಗಂಡಸು ಹೆಣ್ಣು ನೋಡಲು ಹೋದಾಗ ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದಷ್ಟೇ ಕೇಳಿದರೆ ಸಾಲದು. ಚಿತ್ರ ಬರೆಯಲು ಬರುತ್ತದೆಯೇ ಎಂದೂ ಕೇಳಬೇಕು. ಹೆಣ್ಣು ನೋಡಲು ಬಿಳಿಚೋಡಿಗೆ ಹೋದಾಗ ನಾನು ಕೇಳಲಿಲ್ಲ. ಅವರು ಕೊಟ್ಟ ಮಂಡಕ್ಕಿ ಒಗ್ಗರಣೆ ಅಷ್ಟು ಚೆನ್ನಾಗಿತ್ತು.

ಆಗ ನಾನು ಚನ್ನಗಿರಿಯಲ್ಲಿ ಶಾಲಾ ಮೇಷ್ಟ್ರು. ಯುದ್ಧದ ಕಾಲ, ಕಾಗದ ಸಿಗುವುದೇ ಕಷ್ಟ. ಆದರೂ ನಾವು ನಾಲ್ಕಾರು ಜನ ಸೇರಿ ಕೈಬರಹದ ಪತ್ರಿಕೆಯೊಂದನ್ನು ಹೊರಡಿಸುತ್ತಿದ್ದೆವು. ಇದ್ದದ್ದು ಒಂದೇ ಪ್ರತಿ. ಅದು ಊರಿನ ವಾಚನಾಲಯದಲ್ಲಿ ಕೆಲವು ದಿನ ಇದ್ದು, ಬಸ್ಸಿನ ಡ್ರೈವರನ ಕೈಯಲ್ಲಿ ಹೊನ್ನಾಳಿ, ನ್ಯಾಮತಿ ಸುತ್ತಿ, ಚಟ್ನಿಯ ಕಲೆಯೊಂದಿಗೆ ವಾಪಸು ಬರುತ್ತಿತ್ತು. ಓದುಗರು ಹಸಿದುಕೊಂಡಂತೂ ಓದಿಲ್ಲವೆಂಬ ಸಮಾಧಾನ ನನಗೆ.

ಆ ಸಲ ನಾನು ಬರೆದದ್ದು ವೀರಗಾಥೆ. ರಾಜನೊಬ್ಬ ಉಬ್ರಾಣಿ ಕಾಡಿನ ಹುಲಿಯನ್ನು ಬರೀ ಕತ್ತಿಯಿಂದ ಕೊಲ್ಲುತ್ತಾನೆ. ಚಿತ್ರ ಬಿಡಿಸುತ್ತಿದ್ದ ಡ್ರಾಯಿಂಗ್ ಮೇಷ್ಟ್ರಿಗೆ ವರ್ಗವಾಗಿತ್ತು. "ಕೊಡ್ರಿ, ನಾ ಬರೀತೀನಿ" ಎಂದಳು ನನ್ನ ಹೊಸ ಹೆಂಡತಿ ಗಿರಿಜೆ. ರಂಗೋಲಿಯಂಥದೇನೋ ಬಿಡಿಸಿಯಾಳು ಎಂದು ಉದಾರವಾಗಿ ಒಂದು ಪುಟ ಬಿಟ್ಟುಕೊಟ್ಟೆ. ದೀಪದ ಕಾಡಿಗೆಗೆ ಗೋಂದು ಕಲಸಿ ಮಸಿ ಮಾಡಿಕೊಂಡಳು. ಸಣ್ಣ ಗೆರೆಗೆ ನನ್ನ ನಿಬ್ಬು, ದಪ್ಪ ಗೆರೆಗೆ ಜಜ್ಜಿದ ಬೇವಿನ ಕಡ್ಡಿ.

ಶಾಲೆಯಿಂದ ಬಂದು ನೋಡುತ್ತೇನೆ: ಹುಲಿ ಮಂಚದ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಎಲೆ ಅಡಿಕೆ ಮೆಲ್ಲುತ್ತಿದೆ. ಮಂಚದ ಕೆಳಗಿನ ಕಗ್ಗತ್ತಲಿನಿಂದ ಒಂದು ಕಿರೀಟ, ಎರಡು ಕಣ್ಣು ಇಣುಕುತ್ತಿವೆ.

"ಏನೇ ಇದು! ಅವನು ವೀರ ಕಣೇ! ಮಂಚದ ಕೆಳಗೆ ಯಾಕೆ ಹೋಗ್ತಾನೆ?"

"ನೀವೇ ಬರ್ದೀರಲ್ರೀ, ಗರ್ಜನೆ ಕೇಳಿ ರಾಜ ಕ್ಷಣಕಾಲ ನಡುಗಿದನು ಅಂತ. ಮಂದಿ ಎದುರಿಗೆ ನಡುಗಾಕೆ ಆಗ್ತೈತಾ? ರಾಜ ಅಂದಮೇಲೆ ಮರ್ಯಾದೆ ಐತೆ."

"ಕಾಡಲ್ಲಿ ಮಂಚ ಹೆಂಗೆ ಬಂತು?"

"ಮತ್ತೆ ಹುಲಿ ಎಲ್ಲಿ ಕೂರ್ಬೇಕು, ಪಾಪ?"

ಊರೆಲ್ಲ ನಗುತ್ತದೆ, ನನ್ನ ಸಾಹಿತ್ಯ ಇಲ್ಲಿಗೆ ಮುಗಿಯಿತು ಎಂದುಕೊಂಡು ಆ ಪುಟವನ್ನು ಕತ್ತರಿಸಲು ಬ್ಲೇಡು ಹಿಡಿದು ಕೂತೆ. ಗಿರಿಜೆ ಒಳಗೆ ಹೋದಳು. ಇನ್ನೊಮ್ಮೆ ಚಿತ್ರ ನೋಡಿದೆ. ಹುಲಿಯ ಒಂದೊಂದು ಪಟ್ಟೆಯೂ ಕೈ ಎತ್ತದೆ ಎಳೆದ ಗೆರೆ. ಮಸಿ ಸೋಕಿಸದೆ ಬಿಟ್ಟ ಬಿಳಿಯೇ ಬೆಳದಿಂಗಳಾಗಿತ್ತು. ಪುಟಗಟ್ಟಲೆ ಗರ್ಜಿಸಿಯೂ ನನಗೆ ತರಲಾಗದ ಭಯ ರಾಜನ ಕಣ್ಣಿನ ಆ ಎರಡು ಚುಕ್ಕೆಗಳಲ್ಲಿತ್ತು. ಬ್ಲೇಡು ಕೆಳಗಿಟ್ಟೆ. ನಗು ಬಂತು. ಒಳಗಿನಿಂದ ಅವಳ ನಗುವೂ ಕೇಳಿಸಿತು.

ವಾಚನಾಲಯದಲ್ಲಿ ತೂಕಡಿಸಲೆಂದೇ ಬರುತ್ತಿದ್ದ ಹಿರಿಯರೂ ಆ ಚಿತ್ರ ನೋಡಿ ಎದ್ದು ಕೂತರು. ನ್ಯಾಮತಿಯಿಂದ ಅಡಿಕೆ ವ್ಯಾಪಾರಿಯೊಬ್ಬರು ನಮ್ಮ ಮನೆ ಹುಡುಕಿಕೊಂಡು ಬಂದರು.

"ಆ ಹುಲಿ ಬರ್ದೋರು ಯಾರ್ರೀ ಮೇಷ್ಟ್ರೇ? ನಮ್ಮ ಮನೆಯಾಗೆ ಎಲ್ರೂ ಬಿದ್ದು ಬಿದ್ದು ನಕ್ರು!"

ಗಿರಿಜೆಯನ್ನು ಹೆಮ್ಮೆಯಿಂದ ತೋರಿಸಿ, ಮೆಲ್ಲಗೆ ಕೇಳಿದೆ: "ಕಥೆ ಹೇಗಿತ್ತು?"

"ಕಥೆನೂ ಇತ್ತೇನ್ರೀ?"

ಜಗಳೂರಿನವರು ತಮಗೂ ಪತ್ರಿಕೆ ಬೇಕೆಂದು ಹೇಳಿಕಳಿಸಿದರು. ಚಿತ್ರಕ್ಕೆ ಅಡ್ಡಬರದಂತೆ ಕಥೆ ಸಣ್ಣದಾಗಿರಲಿ ಎಂಬ ಸೂಚನೆಯೂ ಜೊತೆಗಿತ್ತು. ಅಂದಿನಿಂದ ನಾನು ಮೊದಲು ಗಿರಿಜೆಯನ್ನು ಕೇಳಿ, ಆಮೇಲೆ ಬರೆಯಲು ಕೂರುತ್ತೇನೆ. ಮರುಸಲ ಅವಳು "ಕತ್ತೆ ಬರಿಯಾಕೆ ಮನಸಾಗೈತೆ" ಎಂದಳು. ಸರಿ, ಕತ್ತೆಯ ಕಥೆ ಶುರುಮಾಡಿದೆ. ಎರಡು ಸಾಲು ಬರೆದು ಮೂರನೆಯದಕ್ಕಾಗಿ ಬಾಯಿ ಬಿಟ್ಟುಕೊಂಡು ಯೋಚಿಸುತ್ತಿದ್ದೆ.

"ರೀ, ಹಂಗೇ ಕೂತಿರ್ರಿ, ಅಲ್ಲಾಡಬ್ಯಾಡ್ರಿ" ಎಂದು ನಿಬ್ಬನ್ನು ಮಸಿಗೆ ಅದ್ದಿದಳು.

ಕೂತೆ. ಚಿತ್ರ ಚೆನ್ನಾಗಿ ಬರಲೆಂದು ಕಿವಿಗಳನ್ನೂ ಆದಷ್ಟು ನೆಟ್ಟಗೆ ಮಾಡಿಕೊಂಡೆ.