ಹುಲ್ಲುಗಾವಲಿನ ಮೇಲೊಂದು ಕ್ಷಮಾಪಣೆ

ಹೆಂಡತಿ ಮಾಯ್ಮು ಮನೆಯಲ್ಲಿಲ್ಲ, ಫೋನೂ ಎತ್ತುತ್ತಿಲ್ಲ. ಯಾಕೆಂದು ಹೆಲ್ದುರನಿಗೆ ಚೆನ್ನಾಗಿ ಗೊತ್ತಿತ್ತು. ನಡುಬೇಸಿಗೆಯ ಯಾನಿ ಹಬ್ಬದ ಸಂಜೆ, ಬೆಂಕಿಯ ಸುತ್ತ ಊರೆಲ್ಲ ಸೇರಿದ್ದಾಗ, ಬಿಯರಿನ ಧೈರ್ಯದಲ್ಲಿ "ಆಲೂಗಡ್ಡೆ ಸಲಾಡ್ ಮಾಡಿದ್ರೆ ಪಕ್ಕದ್ಮನೆ ಲೇಯ್ದಾನೇ ಮಾಡ್ಬೇಕು" ಅಂದುಬಿಟ್ಟಿದ್ದ. ಮಾಯ್ಮು ಬೆನ್ನ ಹಿಂದೆಯೇ ನಿಂತಿದ್ದಳು. (ನಮ್ಮ ಎಸ್ಟೋನಿಯಾದ ಗಂಡಸು ಬಾಯಿ ಬಿಡುವುದೇ ಅಪರೂಪ, ಬಿಟ್ಟಾಗ ಹೀಗಾದರೆ ಬದುಕುವುದು ಹೇಗೆ?)

ತಪ್ಪಾಯ್ತು ಅನ್ನಬೇಕು. ಆದರೆ ಆ ಮಾತನ್ನು ಬಾಯಿಬಿಟ್ಟು ಹೇಳುವುದೆಂದರೆ ಹೆಲ್ದುರನಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಆಗ ಹೊಳೆಯಿತು ಆ ದಿವ್ಯೋಪಾಯ! ಸಹಾಯಧನ ಕೊಡುವ ಮುನ್ನ ರೈತರು ಹುಲ್ಲು ಕೊಯ್ದರೋ ಇಲ್ಲವೋ ಎಂದು ಸರ್ಕಾರ ಉಪಗ್ರಹದಿಂದ ಇಣುಕುತ್ತದೆ. ಅದರ ಅರ್ಜಿ ಹಾಕುವವಳು ಮಾಯ್ಮು; ಎಲ್ಲಿದ್ದರೂ ಆ ಚಿತ್ರಗಳನ್ನು ಫೋನಿನಲ್ಲಿ ತೆಗೆದು ನೋಡದೆ ಇರುವವಳಲ್ಲ. ಸರಿ, ಹೆಲ್ದುರ್ ಟ್ರ್ಯಾಕ್ಟರ್ ಹತ್ತಿದ. ಹುಲ್ಲುಗಾವಲಿನ ಈ ತುದಿಯಿಂದ ಆ ತುದಿಗೆ ದೊಡ್ಡ ಅಕ್ಷರಗಳಲ್ಲಿ "ತಪ್ಪಾಯ್ತು" ಎಂದು ಕೊಯ್ದ. ಗಗನಗಾಮಿ ಕ್ಷಮಾಪಣೆ ಸಿದ್ಧವಾಯಿತು.

ಕೆಲವು ದಿನಗಳಲ್ಲೇ ಮಾಯ್ಮು ಬಸ್ಸಿಳಿದಳು. ನಮ್ಮೂರೇ ಕೊನೆಯ ನಿಲ್ದಾಣವಾದ್ದರಿಂದ ಡ್ರೈವರ್ ಬಸ್ಸು ತಿರುಗಿಸಿಕೊಳ್ಳುತ್ತಿದ್ದ. ದಿನವೂ ಬಸ್ಸಿಗೆ ಕಾಯುತ್ತಿದ್ದ ಹೆಲ್ದುರನ ಕೈಯಲ್ಲಿ ಹೂವಿನ ಗೊಂಚಲು, ಮುಖದಲ್ಲಿ ಮದುವಣಿಗನ ಕಳೆ.

"ನೋಡಿದ್ಯಾ?"

"ನೋಡ್ದೆ ಇರ್ತೀನಾ? 'ಅರ್ಧ ಕೊಯ್ದು ಅರ್ಧ ಬಿಟ್ಟಿದೀರಿ, ಪೂರ್ತಿ ಕೊಯ್ಯದಿದ್ರೆ ಸಹಾಯಧನ ಇಲ್ಲ' ಅಂತ ಇಲಾಖೆಯಿಂದ ಮೆಸೇಜ್ ಬಂತು. ಓಡಿ ಬಂದೆ. ಕುಡಿದು ಕೊಯ್ದ್ಯಾ ಹೇಗೆ?" ಫೋನನ್ನು ಅವನ ಮೂಗಿಗೇ ಹಿಡಿದಳು. ಚಿತ್ರದಲ್ಲಿ ಅಕ್ಷರವೂ ಇಲ್ಲ, ಗಿಕ್ಷರವೂ ಇಲ್ಲ. ಹಸಿರು ಹಳದಿ ಕಲಸಿದ ಚೌಕಗಳು, ಅಷ್ಟೇ.

"ಅದು... ತಪ್ಪಾಯ್ತು ಅಂತ ಬರೆದಿದ್ದೆ. ನೀನು ಕೋಪ ಮಾಡ್ಕೊಂಡು ಹೋದ್ಯಲ್ಲ."

"ಯಾವ ಕೋಪ? ಮಂಡಿನೋವಿಗೆ ಹಾಪ್ಸಲುಗೆ ಮಣ್ಣಿನ ಸ್ನಾನಕ್ಕೆ ಹೋಗ್ತೀನಿ ಅಂದೆ. ನೀನು ಪೇಪರ್ ಓದ್ತಾ 'ಹೂಂ' ಅಂದೆ. ಕತ್ತಿನವರೆಗೂ ಕೆಸರಲ್ಲಿ ಮಲಗಿದ್ದವಳು ನಿನ್ನ ಫೋನ್ ಹೇಗೆ ಎತ್ಲಿ?"

ಹೆಲ್ದುರನ ಎದೆಯ ಮೇಲಿಂದ ಬಂಡೆ ಇಳಿಯಿತು. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಈ ಕಥೆ ಸುಖಾಂತವಾಗುತ್ತಿತ್ತು. ಆದರೆ ಸಂತೋಷಕ್ಕೆ ನಾಲಿಗೆ ಸಡಿಲವಾಯಿತು.

"ಹಂಗಾದ್ರೆ, ಲೇಯ್ದಾ ಸಲಾಡೇ ಚೆನ್ನಾಗಿರುತ್ತೆ ಅಂತ ನಾನಂದಿದ್ದು ನಿನಗೆ ಕೇಳಿಸ್ಲೇ ಇಲ್ವಾ!"

ಮಾಯ್ಮು ಚೀಲವನ್ನು ಕೆಳಗಿಡಲೇ ಇಲ್ಲ. "ಈಗ ಕೇಳಿಸ್ತು," ಎಂದವಳೇ ಅದೇ ಬಸ್ಸು ಹತ್ತಿದಳು. ಬಾಗಿಲು ಮುಚ್ಚುವ ಮೊದಲು ತಲೆ ಹೊರಹಾಕಿ ಹೇಳಿದಳು:

"ಊಟಕ್ಕೆ ಅವಳ ಮನೆಗೇ ಹೋಗು. ಹುಲ್ಲು ಮಾತ್ರ ಪೂರ್ತಿ ಕೊಯ್ಯಿ. ನಾನು ಮೇಲಿಂದ ನೋಡ್ತಾ ಇರ್ತೀನಿ!"